ಬಯಲು ಖಾಲಿ ಅಂತ ಯಾರು ಹೇಳಿದ್ದು? ಎರೆಭೂತದ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಇದೇ ಪುಟದಲ್ಲಿ ಥಾರ್ ಮರುಭೂಮಿಯ ಎರೆಭೂತದ ಒಂದು ಫೋಟೋ ಹಾಕಿದ್ದೆವು. ಕೆಳಗೆ ಎರಡೇ ಸಾಲು ಇತ್ತು. ಅದಕ್ಕೆ ಬಂದಷ್ಟು ಪತ್ರ ಈ ಅಂಕಣದಲ್ಲಿ ಬೇರೆ ಯಾವ ಹಕ್ಕಿಗೂ ಬಂದಿಲ್ಲ. ಕೆಲವರಿಗೆ ಕುತೂಹಲ, ಕೆಲವರಿಗೆ ಸಿಟ್ಟು, ಇಬ್ಬರು ಮೂವರಿಗೆ ತಮ್ಮ ಅಜ್ಜ ಅಜ್ಜಿಯ ನೆನಪು. ಹಾಗಾಗಿ ಈ ಸಲ ಪೂರ್ತಿ ಜಾಗ ಇದೊಂದೇ ಹಕ್ಕಿಗೆ.

ಚಳಿಗಾಲದಲ್ಲಿ ಜೈಸಲ್ಮೇರಿಗೆ ಹೋಗಿದ್ದೆವು. ಜೀಪಿನವರು ದೂರದಲ್ಲಿ ಒಂದು ದೊಡ್ಡ ಹಕ್ಕಿ ತೋರಿಸಿ ‘ಗೋಡಾವಣ್’ ಅಂದರು. ನಮ್ಮ ತಾತ ಹೇಳುತ್ತಿದ್ದ ಎರೆಭೂತ ಇದೇನಾ?
– ಬಳ್ಳಾರಿಯ ಓದುಗರು

ಹೌದು, ಅದೇ. ನಿಮ್ಮ ತಾತ ನೋಡಿದ್ದೂ ನೀವು ನೋಡಿದ್ದೂ ಒಂದೇ ಜಾತಿ. ರಾಜಸ್ಥಾನದಲ್ಲಿ ಗೋಡಾವಣ್, ಮಹಾರಾಷ್ಟ್ರದಲ್ಲಿ ಮಾಳಢೋಕ್, ನಮ್ಮಲ್ಲಿ ಎರೆಭೂತ. ಎರ್ಲಡ್ಡು ಅಂತಲೂ ಹೇಳುತ್ತಾರೆ, ದೊರವಾಯನ ಹಕ್ಕಿ ಅಂತಲೂ ಕರೆಯುತ್ತಾರೆ. ಇಂಗ್ಲಿಷಿನವರು ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂದರು. ಒಂದು ಹಕ್ಕಿಗೆ ಇಷ್ಟು ಭಾಷೆಯಲ್ಲಿ ಇಷ್ಟು ಹೆಸರು ಇದೆ ಅಂದರೆ ಅದು ಒಂದು ಕಾಲದಲ್ಲಿ ಎಷ್ಟು ಊರುಗಳ ಹೊಲದಲ್ಲಿ ಓಡಾಡಿಕೊಂಡಿತ್ತು ಅಂತ ಯೋಚಿಸಿ. ಹಿಂದೆ 11 ರಾಜ್ಯಗಳಲ್ಲಿ ಇದ್ದ ಹಕ್ಕಿ ಇದು.

ಗಂಡು ಹೆಚ್ಚುಕಡಿಮೆ ಒಂದು ಮೀಟರ್ ಎತ್ತರ ನಿಲ್ಲುತ್ತದೆ, 15 ಕಿಲೋವರೆಗೂ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇಡೀ ಜಗತ್ತಿನಲ್ಲೇ ಅತಿ ಭಾರದವುಗಳ ಸಾಲಿಗೆ ಸೇರುತ್ತದೆ. ತಲೆ ಮೇಲೆ ಕರಿ ಟೋಪಿ, ಬಿಳಿ ಕತ್ತು, ಕಂದು ಬೆನ್ನು. ಗಂಡಿಗೆ ಎದೆಗೆ ಅಡ್ಡಲಾಗಿ ಕರಿ ಪಟ್ಟಿ. ಹೆಣ್ಣು ಗಾತ್ರದಲ್ಲಿ ಚಿಕ್ಕದು. ಕಾಲಿಗೆ ಮೂರೇ ಬೆರಳು, ಹಿಂದಿನ ಬೆರಳು ಇಲ್ಲ. ಹಾಗಾಗಿ ಕೊಂಬೆ ಹಿಡಿದು ಮರದ ಮೇಲೆ ಕೂರುವುದಕ್ಕೆ ಆಗುವುದಿಲ್ಲ. ಜೀವನ ಪೂರ್ತಿ ನೆಲದ ಮೇಲೆ.

ನಾನು ಇದನ್ನು ಮೊದಲು ನೋಡಿದ್ದು ಜೈಸಲ್ಮೇರಿನ ಆಚೆ ಸುದಾಸರಿಯಲ್ಲಿ, ಬೇಲಿಯ ಹೊರಗೆ ನಿಂತು. ಬೆಳಗಿನ ಏಳು ಗಂಟೆ ಇರಬೇಕು. ಮೊದಲು ಹುಲ್ಲಿನ ನಡುವೆ ಯಾರೋ ನೆಟ್ಟ ಬಿಳಿ ಗೂಟದ ಹಾಗೆ ಕಂಡಿತು. ಐದು ನಿಮಿಷ ಆದಮೇಲೆ ಗೂಟ ಒಂದು ಹೆಜ್ಜೆ ಇಟ್ಟಿತು! ಒಂದು ಕಾಲು ಎತ್ತಿ, ಹಾಗೇ ಹಿಡಿದುಕೊಂಡು, ಸುತ್ತ ನೋಡಿ, ಆಮೇಲೆ ಮೆಲ್ಲಗೆ ಊರಿತು. ಮಿಡತೆ ಕಂಡಾಗ ಮಾತ್ರ ಕತ್ತು ಚಾಟಿಯ ಹಾಗೆ ಬೀಸಿತು. ಮತ್ತೆ ಅದೇ ನಿಧಾನ ನಡಿಗೆ. ಅರ್ಧ ಗಂಟೆ ನೋಡಿದೆ. ಅಷ್ಟು ಹೊತ್ತಿನಲ್ಲಿ ಅದು ನಡೆದದ್ದು ನೂರು ಹೆಜ್ಜೆಯೂ ಇರಲಿಕ್ಕಿಲ್ಲ.

ಮರಳುಗಾಡಿನಲ್ಲಿ ಏನೂ ಬೆಳೆಯುವುದಿಲ್ಲ ಅಂತ ಪಾಠದಲ್ಲಿ ಓದಿದೆ. ಹಾಗಾದರೆ ಇಷ್ಟು ದೊಡ್ಡ ಹಕ್ಕಿ ಏನು ತಿನ್ನುತ್ತದೆ? ನೀರು ಎಲ್ಲಿ ಕುಡಿಯುತ್ತದೆ? ಮರ ಹತ್ತದಿದ್ದರೆ ಗೂಡು ಎಲ್ಲಿ ಕಟ್ಟುತ್ತದೆ?
– ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಧಾರವಾಡ

ಒಂದೇ ಪತ್ರದಲ್ಲಿ ಮೂರು ಪ್ರಶ್ನೆ, ಮೂರೂ ಚೆನ್ನಾಗಿವೆ ಪುಟ್ಟಿ. ಮೊದಲು ಪಾಠದ ವಿಷಯ. ಥಾರ್ ಅಂದರೆ ಬರೀ ಮರಳುಗುಡ್ಡ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ, ಕ್ಯಾಲೆಂಡರಿನಲ್ಲಿ ಅದೇ ಚಿತ್ರ ಅಲ್ವಾ. ನಿಜವಾಗಿ ಅಲ್ಲಿ ಸೇವಣ್ ಅನ್ನುವ ಹುಲ್ಲು ಬೆಳೆಯುವ ಗಟ್ಟಿ ಬಯಲು ಬೇಕಾದಷ್ಟಿದೆ. ಬೇರು ಆಳಕ್ಕೆ ಇಳಿಸಿ, ಒಂದೆರಡು ಮಳೆ ಬಿದ್ದರೆ ಸಾಕು ಅಂತ ಕಾಯುವ ಹುಲ್ಲು ಅದು. ಎರೆಭೂತದ ಮನೆ ಈ ಬಯಲು. ಎತ್ತರದ ಮರಳುಗುಡ್ಡವೂ ಅದಕ್ಕೆ ಬೇಡ, ದಟ್ಟ ಕಾಡೂ ಬೇಡ. ತಲೆ ಎತ್ತಿದರೆ ನಾಲ್ಕೂ ದಿಕ್ಕು ಕಾಣಬೇಕು, ತಗ್ಗಿದರೆ ಮರೆಯಾಗಬೇಕು, ಅಷ್ಟೆತ್ತರದ ಹುಲ್ಲು ಸಾಕು.

ತಿನ್ನುವುದಕ್ಕೆ ಹೆಚ್ಚುಕಮ್ಮಿ ಏನಾದರೂ ಆಗುತ್ತದೆ. ಮಳೆಗಾಲದಲ್ಲಿ ಮಿಡತೆ, ಜೀರುಂಡೆ ಜಾಸ್ತಿ. ಬೇರೆ ಕಾಲದಲ್ಲಿ ಬೋರೆ ಹಣ್ಣು, ಹುಲ್ಲಿನ ಬೀಜ, ಹೊಲದ ಕಾಳು, ಹಲ್ಲಿ, ಓತಿಕ್ಯಾತ, ಸಣ್ಣ ಹಾವು ಕೂಡ. ನೀರಿನ ಬಹುಪಾಲು ಈ ಊಟದಿಂದಲೇ ಸಿಗುತ್ತದೆ. ಕುಂಟೆಯಲ್ಲಿ ನೀರು ನಿಂತಿದ್ದರೆ ಬಂದು, ಮೊಣಕಾಲೂರಿ ಕೂತು, ಕೊಕ್ಕು ತುಂಬ ಹೀರಿ ತಲೆ ಮೇಲಕ್ಕೆತ್ತಿ ನುಂಗುತ್ತದೆ.

ಇನ್ನು ಗೂಡು. ಗೂಡೇ ಇಲ್ಲ! ಬರೀ ನೆಲದ ಮೇಲೆ ಒಂದು ಮೊಟ್ಟೆ. ಸಾಮಾನ್ಯವಾಗಿ ಒಂದೇ. ತುಂಬ ಒಳ್ಳೆ ಮಳೆಯಾದ ವರ್ಷ ಕೆಲವು ಹೆಣ್ಣು ಎರಡು ಇಟ್ಟದ್ದೂ ಉಂಟು. ಮೊಟ್ಟೆಯ ಬಣ್ಣ ಮಣ್ಣಿನ ಜೊತೆ ಎಷ್ಟು ಬೆರೆತುಹೋಗುತ್ತದೆ ಅಂದರೆ ಎರಡು ಮಾರು ದೂರದಲ್ಲಿ ನಿಂತರೂ ಕಾಣುವುದಿಲ್ಲ. ಕಾವು ಕೂರುವುದು ತಾಯಿ ಒಂದೇ, ಸುಮಾರು 27 ದಿನ. ಬಿಸಿಲು ಏರಿದಾಗ ರೆಕ್ಕೆ ಬಿಚ್ಚಿ ನೆರಳು ಕೊಡುತ್ತದೆ. ಶತ್ರು ಹತ್ತಿರ ಬಂದರೆ ಕಾಲು ಜೋತುಬಿಟ್ಟು ಅಂಕುಡೊಂಕಾಗಿ ಹಾರಿ ಅದರ ಗಮನವನ್ನು ಬೇರೆ ಕಡೆ ಎಳೆಯುತ್ತದೆ. ಮರಿ ಹುಟ್ಟಿದಮೇಲೂ ತಿಂಗಳುಗಟ್ಟಲೆ ಅಮ್ಮನ ಹಿಂದೆಯೇ.

ಅಪ್ಪ ಏನು ಮಾಡುತ್ತಾನೆ ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವನದು ಮಳೆಗಾಲದ ಕುಣಿತ. ಬಯಲಿನಲ್ಲಿ ತನ್ನ ಒಂದು ಜಾಗ ಆರಿಸಿಕೊಂಡು, ಬಾಲವನ್ನು ಬೆನ್ನಿನ ಮೇಲೆ ಬೀಸಣಿಗೆಯ ಹಾಗೆ ಬಿಚ್ಚಿ, ಕತ್ತಿನ ಕೆಳಗಿನ ಚೀಲಕ್ಕೆ ಗಾಳಿ ತುಂಬಿಕೊಳ್ಳುತ್ತಾನೆ. ಆ ಚೀಲ ಬಿಳಿ ಗಂಟಿನ ಹಾಗೆ ಊದಿ ಮೊಣಕಾಲಿನ ತನಕ ತೂಗಾಡುತ್ತದೆ. ಆಮೇಲೆ ಒಂದು ಹೂಂಕಾರ, ಖಾಲಿ ಕೊಡದೊಳಗೆ ಬಾಯಿಟ್ಟು ಕೂಗಿದ ಹಾಗೆ. ಅರ್ಧ ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. ಹೆಣ್ಣು ಬಂದು ನೋಡಿ, ಒಪ್ಪಿದರೆ ಒಪ್ಪಿತು. ಮರಿ ಸಾಕುವ ಕೆಲಸದಲ್ಲಿ ಅವನ ಪಾಲು ಏನೂ ಇಲ್ಲ.

ಈಗ ಎಷ್ಟು ಉಳಿದಿವೆ? ನೇರವಾಗಿ ಸಂಖ್ಯೆ ಹೇಳಿ.
– ಶಿವಮೊಗ್ಗದ ಓದುಗರು

ಕಾಡಿನಲ್ಲಿ ಸುಮಾರು 150, ಅದಕ್ಕಿಂತ ಕಡಿಮೆಯೂ ಇರಬಹುದು. 1969ರಲ್ಲಿ ಅಂದಾಜು 1,260 ಇದ್ದವು. 2008ರ ಹೊತ್ತಿಗೆ 300. 2017–18ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಥಾರ್‌ನಲ್ಲಿ ಲೆಕ್ಕ ಹಾಕಿದಾಗ ಸಿಕ್ಕ ಅಂದಾಜು 128. ಉಳಿದ ಎಲ್ಲ ರಾಜ್ಯ ಸೇರಿದರೂ ಬೆರಳೆಣಿಕೆ. ಕಛ್‌ನ ನಲಿಯಾ ಕಡೆ ಮೂರು ನಾಲ್ಕು ಹೆಣ್ಣು ಮಾತ್ರ ಉಳಿದು, ಗಂಡೇ ಇಲ್ಲದೆ ವರ್ಷಗಳು ಕಳೆದವು. ಗಂಡಿಲ್ಲದ ಆ ಹೆಣ್ಣುಗಳು ಸೀಸನ್ ಬಂದಾಗ ಹುಲ್ಲಿನಲ್ಲಿ ಓಡಾಡುವುದನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

2011ರಿಂದ ಇದು ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ‘ತೀವ್ರ ಅಳಿವಿನಂಚಿನ’ ಸಾಲಿನಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ. 1981ರಿಂದ ರಾಜಸ್ಥಾನದ ರಾಜ್ಯಪಕ್ಷಿ ಕೂಡ.

ನಾನು ಸೋಲಾರ್ ಕಂಪನಿಯಲ್ಲಿ ಕೆಲಸ ಮಾಡುವ ಎಂಜಿನಿಯರ್. ಪರಿಸರಕ್ಕೆ ಒಳ್ಳೆಯದು ಅಂತಲೇ ಈ ಕೆಲಸಕ್ಕೆ ಬಂದೆ. ಈಗ ನೋಡಿದರೆ ನಮ್ಮ ತಂತಿಗಳೇ ಹಕ್ಕಿ ಕೊಲ್ಲುತ್ತಿವೆ ಅನ್ನುತ್ತಾರೆ. ಅಷ್ಟು ದಪ್ಪ ತಂತಿ ಹಕ್ಕಿಗೆ ಕಾಣುವುದಿಲ್ಲವಾ?
– ಬೆಂಗಳೂರಿನ ಓದುಗರು

ನಿಮ್ಮ ಪತ್ರದಲ್ಲಿ ಬೇಸರ ಕಾಣಿಸುತ್ತಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಾಣುವುದಿಲ್ಲ. ಇದರ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಹಿಂದಿನಿಂದ, ಪಕ್ಕದಿಂದ ಬರುವ ಶತ್ರುವನ್ನು ನೋಡುವುದಕ್ಕೆ ಅದು ಬಹಳ ಚೆನ್ನಾಗಿದೆ, ಎದುರಿಗೆ ಕಾಣುವ ಭಾಗ ಮಾತ್ರ ತೀರ ಕಿರಿದು. ಎರೆಭೂತದ ಹತ್ತಿರದ ಸಂಬಂಧಿ ಆಫ್ರಿಕಾದ ಕೋರಿ ಬಸ್ಟರ್ಡ್. ಅದರ ಕಣ್ಣನ್ನು ಅಳೆದು ನೋಡಿದಾಗ ಗೊತ್ತಾದದ್ದು ಏನೆಂದರೆ, ಹಾರುವಾಗ ತಲೆಯನ್ನು ಸುಮ್ನೆ ಸ್ವಲ್ಪ ಕೆಳಕ್ಕೆ ಬಗ್ಗಿಸಿದರೂ ಸಾಕು, ಮುಂದೆ ಏನಿದೆ ಅಂತಲೇ ಅದಕ್ಕೆ ಕಾಣದೆ ಹೋಗುತ್ತದೆ. ಹಾರುವ ಹಕ್ಕಿ ಕೆಳಗೆ ನೋಡುವುದು ಸಹಜ ತಾನೆ, ಇಳಿಯುವ ಜಾಗ ಹುಡುಕಬೇಕು, ಜೊತೆಗಾರ ಎಲ್ಲಿದ್ದಾನೆ ನೋಡಬೇಕು. ಇನ್ನೊಂದು ಕಷ್ಟ ತೂಕದ್ದು. ಕೊನೆ ಗಳಿಗೆಯಲ್ಲಿ ತಂತಿ ಕಂಡರೂ ಹತ್ತು ಹನ್ನೆರಡು ಕಿಲೋ ದೇಹವನ್ನು ಗಾಳಿಯಲ್ಲಿ ತಟ್ಟನೆ ತಿರುಗಿಸಲು ಆಗುವುದಿಲ್ಲ. ಲಕ್ಷಾಂತರ ವರ್ಷ ಇವುಗಳ ಬಯಲಿನ ಆಕಾಶದಲ್ಲಿ ಅಡ್ಡ ಏನೂ ಇರಲಿಲ್ಲ. ಹಾಗಾಗಿ ಕಣ್ಣು ಹೀಗೇ ಬೆಳೆಯಿತು.

ಥಾರ್‌ನ ಸುಮಾರು 4,200 ಚದರ ಕಿಲೋಮೀಟರ್ ಜಾಗದಲ್ಲಿ ವನ್ಯಜೀವಿ ಸಂಸ್ಥೆಯವರು ತಂತಿಗಳ ಕೆಳಗೆ ನಡೆದು ನಡೆದು ಸತ್ತ ಹಕ್ಕಿ ಎಣಿಸಿದರು. ಎಲ್ಲ ಜಾತಿ ಸೇರಿ ವರ್ಷಕ್ಕೆ 80 ಸಾವಿರಕ್ಕೂ ಹೆಚ್ಚು ಹಕ್ಕಿ ಸಾಯುತ್ತವೆ ಅಂತ ಅವರ ಅಂದಾಜು. ಎರೆಭೂತ ವರ್ಷಕ್ಕೆ 18 ಅಂತ ಲೆಕ್ಕ. 128ರಲ್ಲಿ 18! ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಈ ನಷ್ಟ ಹೇಗೆ ತುಂಬಿಕೊಳ್ಳಬೇಕು ಹೇಳಿ.

ನಿವೃತ್ತ ಐಎಎಸ್ ಅಧಿಕಾರಿ ಎಂ.ಕೆ. ರಂಜಿತ್‌ಸಿಂಹ ಅವರು ಇದನ್ನು ಸುಪ್ರೀಂ ಕೋರ್ಟಿಗೆ ತೆಗೆದುಕೊಂಡು ಹೋದರು. 2021ರ ಏಪ್ರಿಲ್ 19ರಂದು ಕೋರ್ಟ್ ಹಕ್ಕಿಯ ನೆಲೆಗಳಲ್ಲಿ ತಂತಿಗಳನ್ನು ನೆಲದೊಳಗೆ ಹಾಕಿ ಅಂದಿತು. ಆ ಆದೇಶ ಸುಮಾರು 99 ಸಾವಿರ ಚದರ ಕಿಲೋಮೀಟರಿಗೆ ಹರಡಿತ್ತು. ಅಷ್ಟು ದೊಡ್ಡ ವೋಲ್ಟೇಜಿನ ಲೈನನ್ನು ಅಷ್ಟು ದೂರ ನೆಲದೊಳಗೆ ಎಳೆಯುವುದು ಆಗದ ಮಾತು, ಸೋಲಾರ್ ಗುರಿಗೂ ಪೆಟ್ಟು ಅಂತ ಸರ್ಕಾರ ಹೇಳಿತು. 2024ರ ಮಾರ್ಚ್ 21ರಂದು ಕೋರ್ಟ್ ಹಳೆ ಆದೇಶ ಸಡಿಲಿಸಿ ತಜ್ಞರ ಸಮಿತಿ ಮಾಡಿತು. 2025ರ ಡಿಸೆಂಬರಿನಲ್ಲಿ ಸಮಿತಿಯ ಮಾತು ಒಪ್ಪಿ ರಾಜಸ್ಥಾನದಲ್ಲಿ ಸುಮಾರು 14 ಸಾವಿರ, ಗುಜರಾತಿನಲ್ಲಿ 740 ಚದರ ಕಿಲೋಮೀಟರ್ ಜಾಗವನ್ನು ಆದ್ಯತೆಯ ಪ್ರದೇಶ ಅಂತ ಗುರುತಿಸಿತು.

ನನ್ನ ಅಭಿಪ್ರಾಯ ಕೇಳಿದರೆ, ಸೋಲಾರ್ ಬೇಕು. ಬಿಸಿ ಏರುತ್ತಿರುವ ಭೂಮಿಯಲ್ಲಿ ಈ ಹಕ್ಕಿಗೂ ಭವಿಷ್ಯವಿಲ್ಲ, ನಮಗೂ ಇಲ್ಲ. ಆದರೆ ಸೋಲಾರ್ ಪಾರ್ಕಿಗೆ ಜಾಗ ಆರಿಸುವಾಗ ಈ ಹಕ್ಕಿ ಮೊಟ್ಟೆ ಇಡುವ ಹುಲ್ಲನ್ನೇ ಯಾಕೆ ಆರಿಸಬೇಕು? ನಕ್ಷೆಯಲ್ಲಿ ಅದು ಖಾಲಿ ಜಾಗ ಅಂತ ಬರೆದಿದೆ, ಅದೇ ಕಾರಣ. ನೀವು ಆ ಕ್ಷೇತ್ರದ ಒಳಗೇ ಇದ್ದೀರಿ. ಲೈನ್ ಎಲ್ಲಿ ಹಾಯಿಸಬೇಕು ಅಂತ ಮೀಟಿಂಗ್ ನಡೆಯುವಾಗ ಹಕ್ಕಿಯ ನಕ್ಷೆಯನ್ನೂ ಮೇಜಿನ ಮೇಲೆ ಇಡಿ ಅಂತ ಕೇಳಿ. ಗಾಳಿಗೆ ತಿರುಗುತ್ತಾ ಹೊಳೆಯುವ ಬಿಲ್ಲೆಗಳನ್ನು ತಂತಿಗೆ ತೂಗುಹಾಕಿದರೆ ಹಲವು ಹಕ್ಕಿಗಳಿಗೆ ಉಪಯೋಗ ಆಗುತ್ತದೆ. ಎರೆಭೂತಕ್ಕೆ ಅದೊಂದೇ ಸಾಲದು. ತಂತಿ ಇಲ್ಲದ ಆಕಾಶವೇ ಅದಕ್ಕೆ ಬೇಕು.

ಒಂದು ಹಕ್ಕಿಗೋಸ್ಕರ ಕೋಟಿಗಟ್ಟಲೆ ಖರ್ಚು, ಕೋರ್ಟು ಕಚೇರಿ. ಮನುಷ್ಯರಿಗೇ ಕುಡಿಯಲು ನೀರಿಲ್ಲ. ಹೋದರೆ ಹೋಗಲಿ ಬಿಡಿ.
– ತುಮಕೂರಿನ ಓದುಗರು

ನಿಮ್ಮ ಸಿಟ್ಟು ಅರ್ಥ ಆಗುತ್ತದೆ, ಬರದ ನಾಡಿನವರು ನೀವು. ಆದರೂ ಒಪ್ಪಲಾರೆ.

ಆ ಬಯಲಿನಲ್ಲಿ ಹಕ್ಕಿ ಒಂದೇ ಇಲ್ಲ. ಚಿಂಕಾರ ಇದೆ, ಮರುಭೂಮಿ ನರಿ ಇದೆ, ಬಿಲ ತೋಡುವ ಮುಳ್ಳುಬಾಲದ ಓತಿ ಇದೆ, ಚಳಿಗಾಲಕ್ಕೆ ದೂರದಿಂದ ಬರುವ ಗಿಡುಗಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ ಕುರಿ, ಮೇಕೆ, ಒಂಟೆ, ದನ ಮೇಯಿಸಿ ಬದುಕುವ ಜನ ಇದ್ದಾರೆ. ಅಲ್ಲಿ ಓರಣ್ ಅಂತ ಇವೆ, ನಮ್ಮ ಕೊಡಗಿನ ದೇವರಕಾಡಿನ ಹಾಗೆ. ದೇವರ ಹೆಸರಿಗೆ ಬಿಟ್ಟ ಜಾಗ. ಕೊಡಲಿ ಹಾಕುವ ಹಾಗಿಲ್ಲ, ದನ ಮೇಯಬಹುದು. ಜೈಸಲ್ಮೇರಿನ ದೇಗ್‌ರಾಯ್ ಓರಣ್‌ನಂಥ ಕಡೆ ಎರೆಭೂತಗಳೂ ಬರುತ್ತವೆ. ಇಂಥ ಓರಣ್‌ಗಳಲ್ಲಿ ಎಷ್ಟೋ ಜಾಗ ಕಂದಾಯದ ಕಡತದಲ್ಲಿ ಪಾಳು ಭೂಮಿ ಅಂತ ದಾಖಲಾಗಿ ಯೋಜನೆಗಳಿಗೆ ಹೋಗುತ್ತಿರುವುದರಿಂದ ಅಲ್ಲಿನ ಜನ ಪಾದಯಾತ್ರೆ ಮಾಡಿ ಓರಣ್ ಉಳಿಸಿ ಅಂತ ಕೇಳುತ್ತಿದ್ದಾರೆ. ಹಕ್ಕಿ ಉಳಿಸುವ ಹೋರಾಟ, ಕುರಿಗಾಹಿಯ ಹುಲ್ಲು ಉಳಿಸುವ ಹೋರಾಟ ಅಲ್ಲಿ ಎರಡಲ್ಲ. ನೀವು ಹೇಳುವ ನೀರಿನ ಮಾತೂ ಇದರಲ್ಲೇ ಇದೆ, ಓರಣ್‌ಗಳ ಒಳಗೆ ಮಳೆನೀರು ಹಿಡಿಯುವ ಹಳೆಯ ಕೆರೆಕುಂಟೆಗಳಿವೆ. ಹುಲ್ಲು ಹೋದರೆ ಕುಂಟೆಗೆ ಬರೀ ಹೂಳು.

ಪೋಖರಣ್ ಬಳಿಯ ರಾಧೇಶ್ಯಾಮ್ ಬಿಷ್ಣೋಯಿ ಅನ್ನುವ ಯುವಕ ಈ ಹಕ್ಕಿಯ ಕಾವಲಿಗೆ ಬದುಕನ್ನೇ ಕೊಟ್ಟಿದ್ದರು. ಬೇಸಿಗೆಯಲ್ಲಿ ಪ್ರಾಣಿಗಳಿಗೆ ನೀರಿನ ಗುಂಡಿ ತುಂಬಿಸುವುದು, ತಂತಿಗೆ ಬಡಿದು ಸತ್ತ ಹಕ್ಕಿಗಳನ್ನು ದಾಖಲಿಸುವುದು, ಬೇಟೆಗಾರರ ಬೆನ್ನು ಹತ್ತುವುದು ಅವರ ದಿನದ ಕೆಲಸ. 2025ರ ಮೇ ತಿಂಗಳಲ್ಲಿ ಬೇಟೆಯ ಸುಳಿವು ಸಿಕ್ಕಿ ರಾತ್ರಿ ಹೊರಟಾಗ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಜೊತೆಗೆ ಮೂವರು. ಇನ್ನೂ ಮೂವತ್ತು ದಾಟಿರಲಿಲ್ಲ. ‘ಹೋದರೆ ಹೋಗಲಿ’ ಅನ್ನುವ ಮಾತು ಕೇಳಿದಾಗ ನನಗೆ ಅವರ ನೆನಪಾಗುತ್ತದೆ.

ಅಬುಧಾಬಿಯಲ್ಲಿ ಕೆಲಸ. ಇಲ್ಲಿನವರು ಸಾಕಿದ ಗಿಡುಗ ಬಿಟ್ಟು ‘ಹುಬಾರಾ’ ಅನ್ನುವ ಹಕ್ಕಿಯ ಬೇಟೆ ಆಡುತ್ತಾರೆ. ಅದೂ ಬಸ್ಟರ್ಡ್ ಅಂತೆ. ಎರಡೂ ಒಂದೇನಾ?
– ಅಬುಧಾಬಿಯ ಕನ್ನಡಿಗ ಓದುಗರು

ಒಂದೇ ಕುಟುಂಬ, ಬೇರೆ ಬೇರೆ ಜಾತಿ. ಹುಬಾರಾ ಬಹಳ ಚಿಕ್ಕದು, ಒಂದೆರಡು ಕಿಲೋ ಅಷ್ಟೆ. ಮಧ್ಯ ಏಷ್ಯಾದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಿಮ್ಮ ಕಡೆಗೂ, ಪಾಕಿಸ್ತಾನಕ್ಕೂ, ನಮ್ಮ ಥಾರ್ ಮತ್ತು ಕಛ್‌ಗೂ ಬರುತ್ತದೆ. ಬೇಟೆಯಿಂದ ಅದೂ ಕಡಿಮೆಯಾಗಿ, ಅಬುಧಾಬಿಯವರು 1970ರ ದಶಕದ ಕೊನೆಯಿಂದ ಅದನ್ನು ಕೇಂದ್ರಗಳಲ್ಲಿ ಸಾಕಿ, ಮರಿ ಮಾಡಿಸಿ, ಬಯಲಿಗೆ ಬಿಡುವ ವಿದ್ಯೆ ಕಲಿತರು. ನಮಗೆ ಸಂತೋಷದ ವಿಷಯ ಏನೆಂದರೆ, ಎರೆಭೂತದ ಮರಿ ಮಾಡಿಸುವ ಕೆಲಸ ಶುರುವಾದಾಗ ನಮ್ಮ ವಿಜ್ಞಾನಿಗಳಿಗೆ ಸಹಾಯ ಸಿಕ್ಕಿದ್ದು ಅಲ್ಲಿನ ಹುಬಾರಾ ಸಂರಕ್ಷಣಾ ನಿಧಿಯಿಂದಲೇ. ಅದರ ಕಥೆ ಮುಂದಿನ ಉತ್ತರದಲ್ಲಿ.

ಕಾಡಿನಿಂದ ಮೊಟ್ಟೆ ಎತ್ತಿಕೊಂಡು ಬಂದು ಮೆಷಿನ್ನಿನಲ್ಲಿ ಮರಿ ಮಾಡುತ್ತಾರಂತೆ. ಇರುವುದೇ ಒಂದು ಮೊಟ್ಟೆ, ಅದನ್ನೂ ತಾಯಿಯಿಂದ ಕಸಿಯುವುದು ಯಾವ ನ್ಯಾಯ?
– ಮೈಸೂರಿನ ಓದುಗರು

ಮೊದಲ ಸಲ ಕೇಳಿದಾಗ ನನಗೂ ಹೀಗೇ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬಯಲಿನಲ್ಲಿ ಬಿಟ್ಟ ಮೊಟ್ಟೆಗೆ ಏನಾಗುತ್ತದೆ ನೋಡಿ. ಕಾಗೆ, ಉಡ, ನರಿ ಮೊದಲಿಂದಲೂ ಇದ್ದವು. ಈಗ ಅವುಗಳ ಜೊತೆ ಬೀದಿನಾಯಿಗಳು. ಊರು, ಹೋಟೆಲು, ಕಸ ಬೆಳೆದ ಹಾಗೆಲ್ಲ ನಾಯಿ ಹಿಂಡು ಬಯಲಿನೊಳಕ್ಕೆ ನುಗ್ಗಿವೆ. ಬೇಗ ಎತ್ತಿಕೊಂಡರೆ ತಾಯಿ ಕೆಲವು ಸಲ ಮತ್ತೊಂದು ಮೊಟ್ಟೆ ಇಡುತ್ತದೆ ಅನ್ನುವುದೂ ಒಂದು ಲೆಕ್ಕ.

2018ರಲ್ಲಿ ಕೇಂದ್ರ ಸರ್ಕಾರ, ರಾಜಸ್ಥಾನ ಅರಣ್ಯ ಇಲಾಖೆ, ವನ್ಯಜೀವಿ ಸಂಸ್ಥೆ ಮೂವರೂ ಒಪ್ಪಂದ ಮಾಡಿಕೊಂಡರು. 2019ರಲ್ಲಿ ಜೈಸಲ್ಮೇರಿನ ಸಮ್‌ನಲ್ಲಿ ಕೇಂದ್ರ ಶುರುವಾಯಿತು, ಆಮೇಲೆ ರಾಮ್‌ದೇವ್ರಾದಲ್ಲಿ ಇನ್ನೊಂದು. 2019ರಲ್ಲೇ ಹುಟ್ಟಿದ ಮೊದಲ ಮರಿಗೆ ಊನೋ ಅಂತ ಹೆಸರಿಟ್ಟರು. ಮರಿಗಳಿಗೆ ಹುಳುವನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ತಿನ್ನಿಸಬೇಕು, ತಾಯಿ ತನ್ನ ಕೊಕ್ಕಿನಲ್ಲಿ ಹಿಡಿದು ಕೊಡುವ ಹಾಗೆ. 2024ರ ಅಕ್ಟೋಬರಿನಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ರಾಮ್‌ದೇವ್ರಾದ ಗಂಡಿನ ವೀರ್ಯವನ್ನು ಸುಮಾರು 200 ಕಿಲೋಮೀಟರ್ ದೂರದ ಸಮ್‌ಗೆ ತಂದು, ಟೋನಿ ಅನ್ನುವ ಹೆಣ್ಣಿಗೆ ಕೃತಕ ಗರ್ಭಧಾರಣೆ ಮಾಡಿ ಮರಿ ಹುಟ್ಟಿಸಿದರು. ಈ ಜಾತಿಯಲ್ಲಿ ಅದೇ ಮೊದಲು. 2025ರಲ್ಲಿ ಕೇಂದ್ರಗಳಲ್ಲಿರುವ ಹಕ್ಕಿಗಳ ಸಂಖ್ಯೆ 60 ದಾಟಿತು.

ಇಲ್ಲಿಯವರೆಗೆ ಎಲ್ಲ ಸರಿ. ನನ್ನ ಚಿಂತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಮನುಷ್ಯರ ಕೈಯಲ್ಲಿ ಬೆಳೆದ ಹಕ್ಕಿಗೆ ನಾಯಿ ಅಂದರೆ ಏನು, ಜೀಪು ಅಂದರೆ ಏನು ಗೊತ್ತಿರುವುದಿಲ್ಲ. ಅವುಗಳ ಮಕ್ಕಳನ್ನು ಬಯಲಿಗೆ ಬಿಡುವ ದಿನ ಬಂದಾಗ ಬಯಲು ಇರಬೇಕಲ್ಲ? ಇಂದಿರಾ ಗಾಂಧಿ ಕಾಲುವೆ ಹರಿದ ಕಡೆ ಸೇವಣ್ ಹುಲ್ಲು ಹೋಗಿ ಹೊಲ ಬಂತು. ಇನ್ನುಳಿದ ಕಡೆ ಗಾಳಿಯಂತ್ರ, ಸೋಲಾರ್, ತಂತಿ. ಮರಿ ಮಾಡುವ ಕೆಲಸ ಓಡುತ್ತಿದೆ, ಜಾಗ ಉಳಿಸುವ ಕೆಲಸ ತೆವಳುತ್ತಿದೆ.

ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೂ ಈ ಹಕ್ಕಿ ಇತ್ತು ಅಂತ ಹಿರಿಯರು ಹೇಳುತ್ತಾರೆ. ಅಭಯಾರಣ್ಯ ಮಾಡಿದಮೇಲೂ ಹೇಗೆ ಹೋಯಿತು?
– ರಾಣೆಬೆನ್ನೂರಿನ ಓದುಗರು

ಇತ್ತು. 1974ರಲ್ಲಿ ಅಭಯಾರಣ್ಯ ಆದಾಗ ಕೃಷ್ಣಮೃಗದ ಜೊತೆ ಈ ಹಕ್ಕಿಗೂ ಅದು ಹೆಸರಾಗಿತ್ತು. 119 ಚದರ ಕಿಲೋಮೀಟರ್. ಅದರ ಬಹಳಷ್ಟು ಭಾಗದಲ್ಲಿ ನೀಲಗಿರಿ ಇದೆ, ನೀವೇ ದಿನಾ ನೋಡುತ್ತೀರಿ. ಬಯಲಿಗೆ ಮರ ನೆಟ್ಟರೆ ಅದನ್ನು ಹಸಿರು ಅನ್ನುತ್ತೇವೆ. ಎರೆಭೂತದ ಪಾಲಿಗೆ ಅದು ನಾಲ್ಕೂ ಕಡೆ ಗೋಡೆ ಎಬ್ಬಿಸಿದ ಹಾಗೆ. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಈ ಹಕ್ಕಿಗೆ ಆಗಲಿಲ್ಲ.

ಇದು ನಿಮ್ಮೂರಿನ ಕಥೆ ಮಾತ್ರ ಅಲ್ಲ. ಮಧ್ಯಪ್ರದೇಶದ ಕರೇರಾ ಇದೇ ಹಕ್ಕಿಗಾಗಿ ಆದ ಅಭಯಾರಣ್ಯ. ಹಕ್ಕಿ ಹೋಯಿತು, ಕೊನೆಗೆ ಅಭಯಾರಣ್ಯದ ಪಟ್ಟವನ್ನೇ ತೆಗೆದರು. ಆಂಧ್ರಪ್ರದೇಶದ ರೋಲ್ಲಪಾಡು ಸುತ್ತ ನೀರಾವರಿ ಬಂದು ಬೆಳೆ ಬದಲಾಯಿತು, ಅಲ್ಲೂ ಬಯಲು ಬರಿದಾಯಿತು. ಸೊಲ್ಲಾಪುರದ ನಾನ್ನಜ್‌ನಲ್ಲಿ ಈಗ ಒಂದೋ ಎರಡೋ ಕಂಡರೆ ಪೇಪರಿನಲ್ಲಿ ಸುದ್ದಿ.

ನಮ್ಮ ಭಾಷೆಯಲ್ಲೇ ಹುಲ್ಲಿನ ನೆಲಕ್ಕೆ ಎಷ್ಟು ಒಳ್ಳೆ ಮಾತುಗಳಿವೆ. ಕಾವಲು, ಗೋಮಾಳ, ಹುಲ್ಲುಬನಿ. ಕಂದಾಯದವರ ಕೈಗೆ ಬಂದ ತಕ್ಷಣ ಎಷ್ಟೋ ಕಡೆ ಎಲ್ಲ ಸೇರಿ ‘ಖರಾಬು’ ಆಯಿತು. ಖರಾಬು ಅಂತ ಬರೆದ ಜಾಗಕ್ಕೆ ಯಾರು ತಾನೆ ಕಾವಲು ನಿಲ್ಲುತ್ತಾರೆ? ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹೋದದ್ದೂ ನಮ್ಮ ಕಣ್ಣೆದುರಿಗೇ. ಮರ ಕಡಿದರೆ ಜನ ಬೀದಿಗೆ ಇಳಿಯುತ್ತಾರೆ, ಹುಲ್ಲು ಹೋದರೆ ಯಾರಿಗೂ ಕಾಣುವುದಿಲ್ಲ. ಪಕ್ಷಿತಜ್ಞ ಸಲೀಂ ಅಲಿ ಈ ಹಕ್ಕಿಯನ್ನೇ ರಾಷ್ಟ್ರಪಕ್ಷಿ ಮಾಡಿ ಅಂತ ಹೇಳಿದ್ದರು. 1963ರಲ್ಲಿ ನವಿಲು ಆಯ್ಕೆಯಾಯಿತು. ನವಿಲಿನ ಮೇಲೆ ನನಗೆ ಪ್ರೀತಿ ಇದೆ. ಆದರೂ ಎರೆಭೂತ ಆಗಿದ್ದಿದ್ದರೆ ನಮ್ಮ ಮಕ್ಕಳು ಬಯಲನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದರೇನೋ.

ಸಿರುಗುಪ್ಪ ತಾಲ್ಲೂಕಿನ ರೈತ ನಾನು. ಎರೆ ಹೊಲ, ಕಡಲೆ ಜೋಳ ಬೆಳೆಯುತ್ತೇನೆ. ಹೋದ ವರ್ಷ ದೂರದಲ್ಲಿ ಒಂದು ಜೋಡಿ ಕಂಡ ಹಾಗಾಯಿತು. ಮತ್ತೆ ಬಂದರೆ ನಾನು ಏನು ಮಾಡಬೇಕು? ಹೊಲ ಕಿತ್ತುಕೊಳ್ಳುತ್ತಾರೆ ಅಂತ ಜನ ಹೆದರಿಸುತ್ತಿದ್ದಾರೆ.
– ಸಿರುಗುಪ್ಪದ ಓದುಗರು

ಅಣ್ಣಾ, ಬಂದ ಎಲ್ಲ ಪತ್ರಗಳಲ್ಲಿ ನಿಮ್ಮದನ್ನೇ ನಾನು ಎರಡು ಸಲ ಓದಿದ್ದು. ಕರ್ನಾಟಕದಲ್ಲಿ ಈ ಹಕ್ಕಿ ಉಳಿದಿರುವ ಜಾಗ ಅಂತ ಹೆಸರು ಹೇಳಬಹುದಾದರೆ ನಿಮ್ಮ ಸಿರುಗುಪ್ಪವೇ. ಕಾಲುವೆ ನೀರು ಹತ್ತಿದ ಕಡೆ ಭತ್ತ ಆಯಿತು, ಹತ್ತದ ಎರೆ ಹೊಲದಲ್ಲಿ ನಿಮ್ಮಂಥವರು ಮಳೆ ನಂಬಿ ಬೆಳೆಯುವ ಕಡಲೆ, ಜೋಳದ ನಡುವೆ ನಾಲ್ಕಾರು ಹಕ್ಕಿ ಉಳಿದವು. ಅರಣ್ಯ ಇಲಾಖೆಗಿಂತ ಮೊದಲು ಅವನ್ನು ಉಳಿಸಿದ್ದು ನಿಮ್ಮ ಬೇಸಾಯ.

ಹೊಲದ ಭಯಕ್ಕೆ ಮೊದಲು ಉತ್ತರ. ಹಕ್ಕಿ ಬಂದು ಇಳಿದ ಮಾತ್ರಕ್ಕೆ ಪಟ್ಟಾ ಜಮೀನು ಯಾರದೂ ಹೋಗುವುದಿಲ್ಲ. ಅಭಯಾರಣ್ಯ ಮಾಡುವುದಿದ್ದರೆ ಅದಕ್ಕೆ ಬೇರೆಯೇ ಕಾನೂನು, ನೋಟಿಸು, ನಿಮ್ಮ ಹಕ್ಕುಗಳ ವಿಚಾರಣೆ ಎಲ್ಲ ಇದೆ. ಆದರೂ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ನಾನ್ನಜ್‌ನಲ್ಲಿ ಮೊದಲು 8 ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರನ್ನು ಒಂದೇ ಏಟಿಗೆ ಅಭಯಾರಣ್ಯ ಅಂತ ಬರೆದುಬಿಟ್ಟರು, ಅದರೊಳಗೆ ಊರುಗಳು, ಹೊಲಗಳು ಎಲ್ಲ ಸೇರಿದ್ದವು. ಜನರಿಗೆ ಹಕ್ಕಿಯ ಮೇಲೇ ಸಿಟ್ಟು ಬಂತು. ಆಮೇಲೆ ಅದನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಸಿರುಗುಪ್ಪದಲ್ಲಿ ಆ ತಪ್ಪು ಆಗಬಾರದು. ಹಕ್ಕಿ ಇಳಿಯುವ ಹೊಲದ ರೈತನಿಗೆ ಬೆಳೆ ಬದಲಿಸದೆ ಇದ್ದದ್ದಕ್ಕೆ ಹಣ ಕೊಡುವ ಯೋಜನೆ ಬರಬೇಕು ಅಂತ ನಾನು ಎಲ್ಲಿ ಹೋದರೂ ಹೇಳುತ್ತಿದ್ದೇನೆ.

ಮತ್ತೆ ಕಂಡರೆ ಬೈಕಿನಲ್ಲಿ ಹತ್ತಿರ ಹೋಗಬೇಡಿ, ನಿಂತಲ್ಲೇ ನಿಂತು ನೋಡಿ. ಫೋಟೋ ತೆಗೆದರೆ ಊರಿನ ಹೆಸರು ಹಾಕಿ ವಾಟ್ಸಾಪಿನಲ್ಲಿ ಬಿಡಬೇಡಿ. ಒಂದು ಫೋಟೋ ಹರಿದಾಡಿದರೆ ಮಾರನೇ ದಿನ ಹತ್ತು ಕಾರು ಬಂದು ನಿಮ್ಮ ಬದುವಿನ ಮೇಲೆ ನಿಲ್ಲುತ್ತವೆ. ವಲಯ ಅರಣ್ಯಾಧಿಕಾರಿಗೆ ಮಾತ್ರ ತಿಳಿಸಿ. ಹೊಲದ ನಾಯಿಯನ್ನು ಆ ದಿನಗಳಲ್ಲಿ ಕಟ್ಟಿಹಾಕಿ. ಕಡಲೆಗೆ ಹೊಡೆಯುವ ಔಷಧಿಯನ್ನು ಹಕ್ಕಿ ಓಡಾಡುವ ತುದಿಯಲ್ಲಾದರೂ ಬಿಟ್ಟರೆ ದೊಡ್ಡ ಉಪಕಾರ, ಏಕೆಂದರೆ ಕಾಯಿಕೊರಕವೂ ಮಿಡತೆಯೂ ಅದರ ಊಟ.

ಅಕಸ್ಮಾತ್ ಮೊಟ್ಟೆಯೇ ಕಣ್ಣಿಗೆ ಬಿದ್ದರೆ ಮುಟ್ಟಬೇಡಿ. ಹತ್ತಿರ ಕಲ್ಲು, ಕೋಲು, ಬಟ್ಟೆ ಅಂತ ಗುರುತು ಏನೂ ಇಡಬೇಡಿ, ಕಾಗೆ ಅದನ್ನು ನಿಮಗಿಂತ ಬೇಗ ಓದುತ್ತದೆ. ದೂರದ ಒಂದು ಜಾಲಿ ಗಿಡವನ್ನೋ ಬದುವನ್ನೋ ಮನಸ್ಸಿನಲ್ಲಿ ಅಂದಾಜಿಟ್ಟುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಬೆಳೆ ಇದ್ದರೆ ಆ ಸುತ್ತಲಿನ ತುಂಡನ್ನು ಉಳದೆ, ಕೊಯ್ಯದೆ, ಕುರಿ ಬಿಡದೆ ಒಂದು ತಿಂಗಳು ಬಿಡಿ. ತಾಯಿ ಎದ್ದು ಹೋಗಿ ಅರ್ಧ ಗಂಟೆಯಲ್ಲಿ ಮರಳಿ ಬಂದು ಕೂತರೆ ನೀವು ಸರಿಯಾದ ದೂರದಲ್ಲಿದ್ದೀರಿ ಅಂತ ಅರ್ಥ. ಆಮೇಲೆ ನನಗೊಂದು ಪತ್ರ ಬರೆಯಿರಿ. ಊರಿನ ಹೆಸರು ಬೇಡ. ದಿನ, ಹೊತ್ತು, ಹೊಲದಲ್ಲಿ ಯಾವ ಬೆಳೆ ಇತ್ತು, ಅದು ಯಾವ ದಿಕ್ಕಿಗೆ ನಡೆಯಿತು, ಅಷ್ಟು ಸಾಕು.